ದನಿ ಕುಗ್ಗಿದ ಮೂರನೆಯ ತಂತಿ

ಗದುಗು ಸಂಗೀತದ ಊರು. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಬಾಲಕರು ಕಿವಿಯೊಂದನ್ನೇ ನಂಬಿ ಸಂಗೀತ ವಿದ್ಯೆಯನ್ನು ಸಾಧಿಸುವುದನ್ನು ಈ ಭಾಗದ ಜನರೆಲ್ಲ ಬಲ್ಲರು. ಭೀಮಸೇನ ಜೋಶಿಯವರ ಬಾಲ್ಯವು ಕಳೆದುದೂ ಇದೇ ಊರಿನಲ್ಲಿ. ಇಂತಹ ಊರಿನಲ್ಲಿ ತಂಬೂರಿ, ಹಾರ್ಮೋನಿಯಂ, ತಬಲಗಳ ಜೊತೆಗೆ ಈಗ ಗಿಟಾರೂ ಬಂದು ಕುಳಿತಿದೆ. ಕಾಲೇಜುಗಳ ಸ್ನೇಹಸಮ್ಮೇಳನಗಳಲ್ಲಿ ಭಾವಗೀತೆ, ಜನಪದ ಗೀತೆಗಳನ್ನು ಹಾಡುವ ತರುಣರು ಅದನ್ನು ಪಕ್ಕವಾದ್ಯವಾಗಿ ಬಳಸುವರು. ಬಯಲಿನಲ್ಲಿ ಸೇರಿದ ಜನಸಂದಣಿಗೆ ಬರಿಯ ಗಿಟಾರಿನ ದನಿ ಸಾಲದಷ್ಟೆ. ಆದುದರಿಂದ ಅದರೊಳಗೆ 'ಪಿಕಪ್' ಎಂಬ ಚಿಕ್ಕ ಸಾಧನವನ್ನು ಅಳವಡಿಸಿ, ಆ ಮೂಲಕ ದನಿಯನ್ನು ಧ್ವನಿವರ್ಧಕಕ್ಕೆ ಕಳಿಸುವುದು ರೂಢಿಯಾಗಿದೆ.

ಕೆಲವು ತಿಂಗಳ ಹಿಂದೆ ನಮ್ಮ ತರಗತಿಯ ಒಬ್ಬ ವಿದ್ಯಾರ್ಥಿ, ಬೆಟಗೇರಿಯ ನೇಕಾರ ಮನೆತನದ ಹುಡುಗ, ಗಿಟಾರೊಂದನ್ನು ಹೊತ್ತು ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತನು. ಮುಖ ಬಾಡಿತ್ತು.

"ಸರ್, ಮೂರನೇ ತಂತಿ ಸತ್ತಂಗ ಆಗೇತ್ರಿ. ಕೈಲೆ ನುಡಿಸಿದ್ರ ಛಲೋ ಕೇಳತೈತಿ, ಸ್ಪೀಕರಿಗೆ ಹಚ್ಚಿದ್ರ ದನೀನ ಇಲ್ರಿ. ನಾಲ್ಕನೇದು ಮಾತ್ರ ಒದರತೈತಿ."

"ಯಾರಿಗರೆ ತೋರಿಸಿದಿಯೇನಪಾ?"

"ತೋರಿಸೇನ್ರಿ. ಪಿಕಪ್ ಹೋಗೇತಿ, ಹೊಸಾದು ಹಾಕಸು ಅಂದಾರ್ರಿ."

ಲಕ್ಷ್ಮೇಶ್ವರದಲ್ಲಿ ಅವರ ತಂಡದ ಕಾರ್ಯಕ್ರಮಕ್ಕೆ ಇನ್ನು ಎಂಟೇ ದಿನಗಳಿದ್ದವು. ಶಿರಹಟ್ಟಿ, ಮುಂಡರಗಿಗಳಿಂದ ಬರುವ ಗೆಳೆಯರು ಇವನನ್ನೇ ನೆಚ್ಚಿಕೊಂಡಿದ್ದರು. ಹೊಸ ಪಿಕಪ್ಪೆಂದರೆ ಅವನ ತಂದೆ ಮಗ್ಗದ ಮುಂದೆ ಅನೇಕ ದಿನ ಕುಳಿತು ಗಳಿಸಿದ ಹಣ. ಅದನ್ನು ಕೇಳಲು ಹುಡುಗನಿಗೆ ಮನಸ್ಸಿಲ್ಲ, ಕೇಳದೆ ಗತಿಯಿಲ್ಲ. ಹಣವನ್ನು ವೆಚ್ಚಮಾಡುವ ಮೊದಲು ಪಿಕಪ್ಪು ನಿಜವಾಗಿಯೂ ಕೆಟ್ಟಿದೆಯೆ ಎಂಬುದನ್ನು ಕಂಡುಕೊಳ್ಳಬೇಡವೆ? ಆ ಸಂಜೆ ನಾವು ಕೈಗೊಂಡ ಪರೀಕ್ಷೆಯ ಕ್ರಮವನ್ನು ಇಲ್ಲಿ ವಿವರಿಸುವೆವು. ಗಿಟಾರನ್ನು ಮುಟ್ಟದ ಓದುಗರಿಗೂ ಇದರಿಂದ ಉಪಯೋಗವಾಗಬಹುದೆಂದು ನಮ್ಮ ನಂಬಿಕೆ.

ತಂತಿಯಿಂದ ಧ್ವನಿವರ್ಧಕದವರೆಗೆ

ಗಿಟಾರಿನ ಆರು ತಂತಿಗಳನ್ನು ತೆಳುವಾದುದರಿಂದ ಮೊದಲ್ಗೊಂಡು ಎಣಿಸುವುದು ವಾಡಿಕೆ. ಒಂದನೆಯ ತಂತಿ ಸೆಕೆಂಡಿಗೆ ಸುಮಾರು 330 ಸಲ, ಎರಡನೆಯದು 247 ಸಲ, ಮೂರನೆಯದು 196 ಸಲ, ನಾಲ್ಕನೆಯದು 147 ಸಲ, ಐದನೆಯದು 110 ಸಲ, ಆರನೆಯದು 82 ಸಲ ಕಂಪಿಸುವುದು. ತಂತಿಯು ಬಹು ತೆಳುವಾದುದು. ಬೀಸಣಿಗೆಯ ಬದಲು ದಾರವನ್ನು ಬೀಸಿದರೆ ಗಾಳಿ ಎಷ್ಟು ಅಲುಗೀತು? ಆದುದರಿಂದ ತಂತಿ ತಾನಾಗಿ ಹೆಚ್ಚು ಶಬ್ದವನ್ನು ಮಾಡಲಾರದು. ಅದು ತನ್ನ ಕಂಪನವನ್ನು ಕುದುರೆಗೆ ಒಪ್ಪಿಸುವುದು. ಕುದುರೆಯು ತನ್ನ ಕೆಳಗಿನ ಅಗಲವಾದ ತೆಳುಹಲಗೆಯನ್ನು ಅಲುಗಿಸುವುದು. ಆ ಹಲಗೆಯು ಗಾಳಿಯನ್ನು ಅಲುಗಿಸುವುದು.

ವೀಣೆ ತಂಬೂರಿಗಳಲ್ಲಿ ತಂತಿಗಳನ್ನು ಹೊರುವ ಭಾಗಕ್ಕೆ ಕುದುರೆಯೆಂದು ಹೆಸರು. ಗಿಟಾರಿನ ಕುದುರೆಯ ಮೇಲೆ ಒಂದು ತೋಡನ್ನು ಕೊರೆದು ಅದರಲ್ಲಿ ಮೂಳೆಯ ಅಥವಾ ಪ್ಲಾಸ್ಟಿಕ್ಕಿನ ಒಂದು ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿರುವರು. ತಂತಿಗಳು ಹಾಯುವುದು ಈ ಪಟ್ಟಿಯ ಮೇಲೆ. ಇದನ್ನು ಇಂಗ್ಲಿಷಿನಲ್ಲಿ 'ಸ್ಯಾಡಲ್' ಎನ್ನುವರು, ಎಂದರೆ ಜೀನು. ಕುದುರೆಗೆ ಜೀನು ತಕ್ಕುದೇ ಆದುದರಿಂದ ನಾವೂ ಹಾಗೆಯೇ ಕರೆಯೋಣ. ಈ ಹುಡುಗನ ಗಿಟಾರಿನಲ್ಲಿ ಪಿಕಪ್ಪು ಇದ್ದುದು ಜೀನಿನ ಅಡಿಯಲ್ಲಿ, ತೋಡಿನ ತಳದಲ್ಲಿ. ಅದು ಸಪೂರವಾದ ಒಂದು ಉದ್ದನೆಯ ಪಟ್ಟಿ.

1880ರಲ್ಲಿ ಫ್ರಾನ್ಸಿನ ಪಿಯೆರ್ ಕ್ಯೂರಿ ಮತ್ತು ಅವನ ಅಣ್ಣ ಜಾಕ್ ಕ್ಯೂರಿ ಎಂಬ ತರುಣ ಸಹೋದರರು ಒಂದು ವಿಚಿತ್ರವನ್ನು ಕಂಡರು. ಕ್ವಾರ್ಟ್ಸ್, ಟೂರ್ಮಲೀನ್ ಮೊದಲಾದ ಕೆಲವು ಸ್ಫಟಿಕಗಳನ್ನು ಒತ್ತಿದರೆ ಅವುಗಳ ಮುಖಗಳ ಮೇಲೆ ವಿದ್ಯುದಾವೇಶವು ತಲೆದೋರುವುದು. ಗ್ರೀಕ್ ಭಾಷೆಯಲ್ಲಿ 'ಒತ್ತು' ಎಂಬರ್ಥದ ಮಾತಿನಿಂದ ಇದಕ್ಕೆ ಪೀಜೋ ವಿದ್ಯುತ್ತೆಂದು ಹೆಸರಾಯಿತು. ಅಡಿಗೆಮನೆಯಲ್ಲಿ ಗ್ಯಾಸಿನ ಒಲೆ ಹೊತ್ತಿಸುವ ಲೈಟರನ್ನು ಒತ್ತಿದಾಗ 'ಚಟ್' ಎಂದು ಕಿಡಿ ಹಾರುವುದಲ್ಲವೆ? ಅದರೊಳಗೂ ಇಂತಹ ವಸ್ತುವೇ ಇರುವುದು. ಗಿಟಾರಿನ ತಂತಿ ಕಂಪಿಸಿದಾಗ ಜೀನಿನ ಮೇಲಿನ ಒತ್ತಡವು ಸೆಕೆಂಡಿಗೆ ನೂರಾರು ಸಲ ಏರಿಳಿಯುವುದು. ಅದಕ್ಕೆ ಸರಿಯಾಗಿ ಪಟ್ಟಿಯಲ್ಲಿ ವಿದ್ಯುತ್ತೂ ಏರಿಳಿಯುವುದು. ಆಂಪ್ಲಿಫೈಯರು ಅದನ್ನು ಹಿಗ್ಗಿಸಿ ಧ್ವನಿವರ್ಧಕಕ್ಕೆ ಕೊಡುವುದು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ನಮ್ಮ ಕಿವಿ ಕೇಳುವುದು ಗಾಳಿಯ ಅಲುಗಾಟವನ್ನು. ಪಿಕಪ್ಪು 'ಕೇಳುವುದು' ತನ್ನ ಮೈಮೇಲೆ ಬಿದ್ದ ಒತ್ತಡದ ಏರಿಳಿತವನ್ನು. ಮರದ ಮೂಲಕ ಹಲಗೆಗೆ ತಲುಪುವ ದಾರಿ ಬೇರೆ, ಜೀನಿನ ಅಡಿಯಿಂದ ಪಿಕಪ್ಪಿಗೆ ತಲುಪುವ ದಾರಿ ಬೇರೆ. ಎರಡನೆಯ ದಾರಿಯಲ್ಲಿ ಮಾತ್ರ ತಡೆಯಿದ್ದರೆ, ಕೈಯಲ್ಲಿ ನುಡಿಸಿದಾಗ ಇಂಪಾಗಿರುವ ತಂತಿ ಧ್ವನಿವರ್ಧಕದಲ್ಲಿ ಮೂಕವಾಗುವುದು ಆಶ್ಚರ್ಯವಲ್ಲ.

ಮೂರು ಪ್ರಶ್ನೆಗಳು

ಹುಡುಗನು ಆಂಪ್ಲಿಫೈಯರನ್ನು ಬಿಚ್ಚಿ ನೋಡೋಣವೆ ಎಂದು ಕೇಳಿದನು. ಬೇಡವೆಂದೆವು. ಆರು ತಂತಿಗಳ ದನಿಯೂ ಒಂದೇ ಕೇಬಲ್ಲಿನಲ್ಲಿ, ಒಂದೇ ಆಂಪ್ಲಿಫೈಯರಿನಲ್ಲಿ ಹಾದುಹೋಗುವುದು. ಎಲ್ಲರೂ ನಡೆಯುವ ದಾರಿಯಲ್ಲಿ ಗುಂಡಿ ಬಿದ್ದರೆ ಎಲ್ಲರೂ ಎಡವುವರು. ಒಬ್ಬನೇ ಎಡವುತ್ತಿದ್ದರೆ ದೋಷವು ಅವನೊಬ್ಬನೇ ನಡೆಯುವ ದಾರಿಯಲ್ಲಿರಬೇಕು. ಆದುದರಿಂದ ಕೇಬಲ್ಲು, ಬ್ಯಾಟರಿ, ಆಂಪ್ಲಿಫೈಯರುಗಳ ಮೇಲಿನ ಸಂದೇಹವನ್ನು ಏನನ್ನೂ ಬಿಚ್ಚದೆಯೇ ದೂರಮಾಡಿದೆವು.

ಉಳಿದ ಭಾಗಕ್ಕೆ ಮೂರು ಪ್ರಶ್ನೆಗಳನ್ನು ಹಾಕಿಕೊಂಡೆವು. ದೋಷವು ತಂತಿಯನ್ನು ಹಿಂಬಾಲಿಸುವುದೆ? ಸ್ವರವನ್ನು ಹಿಂಬಾಲಿಸುವುದೆ? ಅಥವಾ ತಂತಿ ಯಾವುದಿದ್ದರೂ, ಸ್ವರ ಯಾವುದಿದ್ದರೂ, ಸ್ಥಳವನ್ನು ಬಿಟ್ಟು ಕದಲದೆ ಇರುವುದೆ? ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ ನೋಡಿದರೆ ಈ ಮೂರಕ್ಕೂ ಉತ್ತರ ದೊರೆಯುವುದು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ದೋಷವು ಹೋದರೂ ಯಾವುದರಿಂದ ಹೋಯಿತೆಂಬುದು ತಿಳಿಯದು.

ಪರೀಕ್ಷೆಗೆ ಎಲ್ಲ ತಂತಿಗಳನ್ನೂ ಒಂದೇ ಬಲದಿಂದ ಮೀಟುವುದು ಅವಶ್ಯ. ಬೆರಳನ್ನು ನಂಬುವಂತಿಲ್ಲ, ಕುಗ್ಗಿದ ತಂತಿಯನ್ನು ಬೆರಳು ತನಗರಿಯದೆಯೇ ಜೋರಾಗಿ ಮೀಟುವುದು. ಇದಕ್ಕೆ ಸುಲಭವಾದ ಉಪಾಯವುಂಟು. ಸಣ್ಣ ಮೋಟಾರುಗಳಿಗೆ ಸುತ್ತುವ ಕೂದಲಿನಷ್ಟು ಸಪೂರವಾದ ತಾಮ್ರದ ತಂತಿಯ ತುಣುಕನ್ನು ಗಿಟಾರಿನ ತಂತಿಗೆ ಕೊಕ್ಕೆಯಂತೆ ಹಾಕಿ ಮೆಲ್ಲಗೆ ಎಳೆಯಬೇಕು. ಒಂದು ಹಂತದಲ್ಲಿ ತಾಮ್ರ ಕಡಿಯುವುದು; ಗಿಟಾರಿನ ತಂತಿ ಬಿಡುಗಡೆಹೊಂದಿ ನುಡಿಯುವುದು. ಒಂದೇ ಸುರುಳಿಯಿಂದ ತೆಗೆದ ತುಣುಕುಗಳು ಹೆಚ್ಚು ಕಡಿಮೆ ಒಂದೇ ಬಲಕ್ಕೆ ಕಡಿಯುವುದರಿಂದ ಪ್ರತಿಯೊಂದು ಮೀಟೂ ಸಮನಾಗುವುದು. ಕುದುರೆಯಿಂದ ಒಂದೇ ದೂರದಲ್ಲಿ, ಒಂದೇ ದಿಕ್ಕಿಗೆ ಎಳೆಯಬೇಕೆಂಬುದನ್ನು ಮಾತ್ರ ಮರೆಯಬಾರದು.

ಮೊದಲು ತಂತಿಯ ಪ್ರಶ್ನೆ. ಹಳೆಯ ತಂತಿಗೆ ತುಕ್ಕು, ಬೆವರು, ಜಿಡ್ಡು ಹತ್ತಿ ದನಿ ಮಂಕಾಗುವುದುಂಟು. ಆದರೆ ಈ ತಂತಿಯು ಬರಿಗಿವಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಅದೇ ದಪ್ಪದ ಹೊಸ ತಂತಿಯನ್ನು ಹಾಕಿ ನೋಡಿದೆವು. ಧ್ವನಿವರ್ಧಕದಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ.

ಬಳಿಕ ಸ್ವರದ ಪ್ರಶ್ನೆ. ಗಿಟಾರಿನ ಮರದ ಪೆಟ್ಟಿಗೆಗೂ ಅದರೊಳಗಿನ ಗಾಳಿಗೂ ತಮ್ಮವೇ ಆದ ಸಹಜ ಕಂಪನಗಳುಂಟು. ಸಾಮಾನ್ಯ ಗಿಟಾರಿನ ಒಳಗಿನ ಗಾಳಿಯು ಸೆಕೆಂಡಿಗೆ ಸುಮಾರು 100 ಸಲ ಕಂಪಿಸಬಯಸುವುದು. ಆದುದರಿಂದ ಅದರ ಆಸುಪಾಸಿನ ಸ್ವರಗಳು ಅನುರಣನದಿಂದ ಉಬ್ಬಿ ಕೇಳುವುವು. ಹಾಗೆ ಒಂದು ಸ್ವರವು ಉಬ್ಬಿದರೆ ಅಥವಾ ಕುಗ್ಗಿದರೆ ಅದಕ್ಕೆ ಜೀನಾಗಲಿ ಪಿಕಪ್ಪಾಗಲಿ ಹೊಣೆಯಲ್ಲ. ಇದನ್ನು ಬೇರ್ಪಡಿಸಲು ಒಂದೇ ಸ್ವರವನ್ನು ಬೇರೆ ಬೇರೆ ತಂತಿಗಳಲ್ಲಿ ನುಡಿಸಬೇಕು. ಮೂರನೆಯ ತಂತಿಯನ್ನು ಬರಿದಾಗಿ ಮೀಟಿದರೆ 196. ನಾಲ್ಕನೆಯ ತಂತಿಯನ್ನು ಐದನೆಯ ಮೆಟ್ಟಿಲಿನಲ್ಲಿ ಒತ್ತಿದರೂ 196. ಐದನೆಯ ತಂತಿಯನ್ನು ಹತ್ತನೆಯ ಮೆಟ್ಟಿಲಿನಲ್ಲಿ ಒತ್ತಿದರೂ 196. ನುಡಿಸಿ ನೋಡಿದೆವು. ನಾಲ್ಕು, ಐದನೆಯ ತಂತಿಗಳಲ್ಲಿ ಆ ಸ್ವರವು ಸ್ಪಷ್ಟವಾಗಿ ಮೊಳಗಿತು. ಮೂರನೆಯದರಲ್ಲಿ ಮಾತ್ರ ಕುಗ್ಗಿತ್ತು. ಮೂರನೆಯ ತಂತಿಯನ್ನು ಯಾವ ಮೆಟ್ಟಿಲಿನಲ್ಲಿ ಒತ್ತಿದರೂ ಅದೇ ಕಥೆ. ಎಂದ ಮೇಲೆ ದೋಷವು ಸ್ವರದ್ದೂ ಅಲ್ಲ.

ಉಳಿದುದು ಸ್ಥಳ. ಮೂರನೆಯ ತಂತಿಯನ್ನು ಮೀಟುತ್ತಿರುವಾಗಲೇ ಅದರ ಪಕ್ಕದಲ್ಲಿ ಜೀನಿನ ನೆತ್ತಿಯನ್ನು ಒಂದು ಕಟ್ಟಿಗೆಯ ಕಡ್ಡಿಯಿಂದ ಬಲವಾಗಿ ಅದುಮೆಂದು ಹುಡುಗನಿಗೆ ಹೇಳಿದೆವು. ಅದುಮಿದೊಡನೆ ಧ್ವನಿವರ್ಧಕದಲ್ಲಿ ದನಿಯು ಏರಿತು. ಕೈ ತೆಗೆದೊಡನೆ ಇಳಿಯಿತು. ಅವನ ಕಣ್ಣು ಅರಳಿದುದನ್ನು ನೋಡಿದೆವು. ಪಿಕಪ್ಪು ಸತ್ತಿರಲಿಲ್ಲ, ಅದರ ಮೇಲೆ ಒತ್ತಡವು ಸರಿಯಾಗಿ ಬೀಳುತ್ತಿರಲಿಲ್ಲ, ಅಷ್ಟೆ.

ತೋಡಿನ ತಳದಲ್ಲಿ ಕಂಡುದು

ತಂತಿಗಳನ್ನು ಸಡಿಲಿಸಿ ಜೀನನ್ನು ಮೇಲೆತ್ತಿದೆವು. ಅದರ ಅಡಿಯ ಅಂಚಿಗೆ ಉಕ್ಕಿನ ಅಳತೆಪಟ್ಟಿಯನ್ನು ತಾಗಿಸಿ ದೀಪದೆದುರು ಹಿಡಿದಾಗ, ಮೂರನೆಯ ತಂತಿಯ ಜಾಗದಲ್ಲಿ ಬೆಳಕಿನ ಸಣ್ಣ ಗೆರೆಯೊಂದು ಕಂಡಿತು. ಪಿಕಪ್ಪನ್ನು ಕೂರಿಸುವಾಗ ಜೀನಿನ ಎತ್ತರವನ್ನು ತಗ್ಗಿಸಲು ಯಾರೋ ಅದರ ಅಡಿಯನ್ನು ಬರಿಗೈಯಿಂದ ಉಜ್ಜಿದ್ದರು. ಅಲ್ಲಿ ಕೂದಲೆಳೆಯಷ್ಟು ತಗ್ಗು ಬಿದ್ದಿತ್ತು. ಅದಲ್ಲದೆ ತೋಡಿನ ತಳದಲ್ಲಿ, ನಾಲ್ಕನೆಯ ತಂತಿಯ ನೇರಕ್ಕೆ, ಮರದ ಒಂದು ಸಿಬಿರು ಉಳಿದುಹೋಗಿತ್ತು. ಅದು ಪಿಕಪ್ಪನ್ನು ಅಲ್ಲಿ ಮೇಲಕ್ಕೆತ್ತಿತ್ತು.

ಎತ್ತುಪತ್ತಾದ ನೆಲದ ಮೇಲಿಟ್ಟ ಬೆಂಚನ್ನು ನೆನೆಯಿರಿ. ನಾಲ್ಕು ಕಾಲುಗಳಲ್ಲಿ ಒಂದು ನೆಲವನ್ನು ಮುಟ್ಟುವುದಿಲ್ಲ. ಅದರ ಪಾಲಿನ ಭಾರವನ್ನು ಮಿಕ್ಕವು ಹೊರುವುವು. ಇಲ್ಲಿಯೂ ಹಾಗೆಯೇ. ಸಿಬಿರಿನ ಮೇಲಿದ್ದ ನಾಲ್ಕನೆಯ ತಂತಿಯ ಭಾಗವು ತನ್ನ ಪಾಲಿಗಿಂತ ಹೆಚ್ಚು ಒತ್ತಡವನ್ನು ಹೊತ್ತು ಒದರುತ್ತಿತ್ತು. ತಗ್ಗಿನ ಮೇಲಿದ್ದ ಮೂರನೆಯದರ ಭಾಗವು ತೇಲುತ್ತಿತ್ತು. ಹುಡುಗನು ಹೇಳಿದ ಎರಡು ದೂರುಗಳು ನಿಜವಾಗಿ ಒಂದೇ ದೋಷದ ಎರಡು ಮುಖಗಳಾಗಿದ್ದುವು.

ಪಿಕಪ್ಪಿನ ಪಟ್ಟಿಯನ್ನು ಪೂರ್ತಿ ನಿರ್ದೋಷಿಯೆಂದು ಹೇಳುವ ಮೊದಲು ಇನ್ನೊಂದು ಪರೀಕ್ಷೆ ಮಾಡಿದೆವು. ಅದನ್ನು ಹೊರಗೆಳೆದು ಕುದುರೆಯ ಮೇಲೆ ಚಪ್ಪಟೆಯಾಗಿ ಮಲಗಿಸಿ, ಪೆನ್ಸಿಲಿನ ಹಿಂಬದಿಯಿಂದ ಒಂದು ತುದಿಯಿಂದ ಮತ್ತೊಂದು ತುದಿಯವರೆಗೆ ಮೆಲ್ಲಗೆ ತಟ್ಟುತ್ತ ಹೋದೆವು. ಎಲ್ಲ ಕಡೆಯೂ ಸಮನಾದ ಸದ್ದು ಬಂದಿತು. ಕೆಲವು ಪಿಕಪ್ಪುಗಳಲ್ಲಿ ಆರು ಬಿಡಿ ಸ್ಫಟಿಕಗಳಿರುವುವು. ಅವುಗಳಲ್ಲೊಂದು ನಿಜವಾಗಿ ಕೆಟ್ಟಿದ್ದರೆ ಈ ತಟ್ಟುವ ಪರೀಕ್ಷೆಯಲ್ಲಿ ಆ ಜಾಗವು ಮೌನವಾಗಿರುವುದು. ಆಗ ಮಾತ್ರ ಹೊಸ ಪಿಕಪ್ಪಿನ ಮಾತು.

ದೋಷ ತಿಳಿದ ಮೇಲೆ ಪರಿಹಾರವು ಕಷ್ಟವಾಗಲಿಲ್ಲ. ಕಿಟಕಿಯ ಗಾಜಿನ ತುಂಡಿನ ಮೇಲೆ ನಯವಾದ ಉಪ್ಪುಕಾಗದವನ್ನು ಅಂಟಿಸಿ, ಜೀನನ್ನು ಅದರ ಮೇಲೆ ನೆಟ್ಟಗೆ ಹಿಡಿದು ಅಡಿಯನ್ನು ಉಜ್ಜಿದೆವು. ಗಾಜು ಸಮತಲವಾದುದರಿಂದ ಅಡಿಯೂ ಸಮತಲವಾಗುವುದು. ತೋಡನ್ನು ಸಣ್ಣ ಕುಂಚದಿಂದ ಗುಡಿಸಿದೆವು. ಜೀನು ತೋಡಿನಲ್ಲಿ ಸಿಕ್ಕಿಕೊಳ್ಳದೆ, ಅತ್ತಿತ್ತ ವಾಲದೆ, ಬೆರಳಿನಿಂದಲೇ ಇಳಿಸಿ ಎತ್ತುವಂತಿರಬೇಕು. ತೀರ ಬಿಗಿಯಾದರೆ ಅದು ಪಕ್ಕದ ಗೋಡೆಗಳಿಗೇ ಅಂಟಿ ನಿಂತು ಒತ್ತಡವನ್ನು ಕೆಳಕ್ಕೆ ಬಿಡದು. ತೀರ ಸಡಿಲವಾದರೆ ಮುಂದಕ್ಕೆ ವಾಲಿ ಒಂದೇ ಅಂಚಿನ ಮೇಲೆ ನಿಲ್ಲುವುದು.

ಮತ್ತೆ ತಂತಿಗಳನ್ನು ಏರಿಸುವಾಗ ಹುಡುಗನು ನಮಗೇ ಪಾಠ ಹೇಳಿದನು. ಮಗ್ಗದಲ್ಲಿ ಹಾಸಿನ ಎಳೆಗಳನ್ನು ಒಂದು ಕಡೆ ಪೂರ್ತಿ ಬಿಗಿದು ಇನ್ನೊಂದು ಕಡೆ ಸಡಿಲ ಬಿಟ್ಟರೆ ಬಟ್ಟೆ ಸೊಟ್ಟಗಾಗುವುದಂತೆ. ಅದೇ ರೀತಿ ಅವನು ಆರು ತಂತಿಗಳನ್ನೂ ಸ್ವಲ್ಪ ಸ್ವಲ್ಪವಾಗಿ, ಸರದಿಯ ಮೇಲೆ, ಬಿರಡೆ ತಿರುಗಿಸಿ ಬಿಗಿದನು. ಉಕ್ಕಿನ ತಂತಿಗಳ ಸಾಮಾನ್ಯ ಗಿಟಾರಿನಲ್ಲಿ ಆರೂ ತಂತಿಗಳ ಒಟ್ಟು ಎಳೆತವು ಸುಮಾರು 70 ಕಿಲೋಗ್ರಾಂ ಭಾರಕ್ಕೆ ಸಮ. ಎಂದರೆ ಬೆಳೆದ ಮನುಷ್ಯನೊಬ್ಬನು ಸದಾ ಜೋತುಬಿದ್ದಂತೆ. ಈ ಎಳೆತಕ್ಕೆ ತೆಳುಹಲಗೆಯು ಕೊಂಚ ಉಬ್ಬುವುದು, ಕುದುರೆಯೂ ಬಾಗುವುದು. ಬೇಸಗೆಯ ಒಣಹವೆಯಲ್ಲಿ ಮರವು ಕುಗ್ಗುವುದು, ಮಳೆಗಾಲದಲ್ಲಿ ಹಿಗ್ಗುವುದು. ಆದುದರಿಂದ ಒಮ್ಮೆ ಸರಿಪಡಿಸಿದುದು ಋತು ಬದಲಾದಾಗ ಸ್ವಲ್ಪ ತಪ್ಪುವುದೂ ಸಾಧ್ಯ.

ಜೀನನ್ನು ಕೆಳಕ್ಕೆ ಒತ್ತುವ ಬಲವು ಎಲ್ಲಿಂದ ಬರುವುದೆಂಬುದನ್ನೂ ಇಲ್ಲಿಯೇ ಹೇಳಬೇಕು. ತಂತಿಯು ಜೀನಿನ ಮೇಲೆ ಹಾಯ್ದು ಹಿಂದಿನ ರಂಧ್ರಕ್ಕೆ ಇಳಿಯುವಾಗ ಬಾಗುವುದಷ್ಟೆ. ಎಳೆತವು 12 ಕಿಲೋಗ್ರಾಂ ಭಾರದಷ್ಟಿದ್ದು ಬಾಗುವ ಕೋನವು 30 ಡಿಗ್ರಿಯಾದರೆ, ಕೆಳಮುಖದ ಬಲವು 12ನ್ನು 30 ಡಿಗ್ರಿಯ ಸೈನಿನಿಂದ ಗುಣಿಸಿದಷ್ಟು. ಎಂದರೆ 6 ಕಿಲೋಗ್ರಾಂ ಭಾರ. ಕೋನವು 10 ಡಿಗ್ರಿಗೆ ಇಳಿದರೆ ಅದು ಸುಮಾರು 2 ಕಿಲೋಗ್ರಾಂ ಭಾರಕ್ಕೆ ಕುಸಿಯುವುದು. ಜೀನನ್ನು ಅತಿಯಾಗಿ ತಗ್ಗಿಸಿದ ಗಿಟಾರುಗಳಲ್ಲಿ ಎಲ್ಲವೂ ಸಮತಲವಾಗಿದ್ದರೂ ಕೆಲವು ತಂತಿಗಳ ದನಿ ಕುಗ್ಗುವುದಕ್ಕೆ ಇದೇ ಕಾರಣ.

ಕೆಲಸ ಮುಗಿದ ಮೇಲೆ ಆಸಿಲ್ಲೋಸ್ಕೋಪಿನ ಪರದೆಯ ಮೇಲೆ ನೋಡಿದೆವು. ಬಿಚ್ಚುವ ಮೊದಲು ಮೂರನೆಯ ತಂತಿಯ ಅಲೆಯ ಎತ್ತರವು ನೆರೆಯ ತಂತಿಯ ಅಲೆಯ ಅರ್ಧಕ್ಕಿಂತಲೂ ಕಡಿಮೆಯಿತ್ತು. ವೋಲ್ಟೇಜು ಅರ್ಧವಾದರೆ ಸುಮಾರು 6 ಡೆಸಿಬೆಲ್ ಇಳಿದಂತೆ; ಸುಮಾರು 10 ಡೆಸಿಬೆಲ್ ಇಳಿದರೆ ದನಿಯು ಅರ್ಧವಾದಂತೆ ಕಿವಿಗೆ ತೋರುವುದು. ಈಗ ಆರು ಅಲೆಗಳೂ ಹೆಚ್ಚು ಕಡಿಮೆ ಒಂದೇ ಎತ್ತರಕ್ಕೆ ನಿಂತುವು. ವೆಚ್ಚವಾದುದು ಒಂದು ಹಾಳೆ ಉಪ್ಪುಕಾಗದ ಮತ್ತು ಒಂದು ತಂತಿ.

ಅಯಸ್ಕಾಂತದ ಪಿಕಪ್ಪಿನ ಮಾತು

ಎಲ್ಲ ಪಿಕಪ್ಪುಗಳೂ ಒತ್ತಡದಿಂದ ಕೆಲಸ ಮಾಡುವುದಿಲ್ಲ. ಗಿಟಾರಿನ ದುಂಡು ರಂಧ್ರಕ್ಕೆ ಅಡ್ಡಲಾಗಿ ಕೂರಿಸುವ ಅಯಸ್ಕಾಂತದ ಪಿಕಪ್ಪುಗಳೂ ಉಂಟು. 1831ರಲ್ಲಿ ಫ್ಯಾರಡೆಯು ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇವುಗಳ ತಳಹದಿ. ಅಯಸ್ಕಾಂತವು ಮೇಲಿನ ಉಕ್ಕಿನ ತಂತಿಯನ್ನೂ ಕಾಂತವನ್ನಾಗಿಸುವುದು. ತಂತಿ ಅಲುಗಿದಾಗ ಸುತ್ತಲಿನ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದು. ಇಲ್ಲಿ ದನಿ ಏರುಪೇರಾದರೆ ಜೀನನ್ನು ದೂರಿ ಫಲವಿಲ್ಲ. ಅಕೂಸ್ಟಿಕ್ ಗಿಟಾರಿನಲ್ಲಿ ಸಾಮಾನ್ಯವಾಗಿ ಮೊದಲೆರಡು ತಂತಿಗಳು ಬರಿಯ ಉಕ್ಕು. ಮೂರರಿಂದ ಆರನೆಯವು ಸಪೂರ ಉಕ್ಕಿನ ಎಳೆಯ ಸುತ್ತ ಕಂಚನ್ನು ಸುತ್ತಿದವು. ಕಂಚು ತಾಮ್ರದ ಮಿಶ್ರಲೋಹ. ಅಯಸ್ಕಾಂತಕ್ಕೆ ಅದು ಇದ್ದೂ ಇಲ್ಲದಂತೆ. ಆದುದರಿಂದ ನೋಡಲು ದಪ್ಪವಾದ ಮೂರನೆಯ ತಂತಿಗಿಂತ ತೆಳುವಾದ ಎರಡನೆಯ ತಂತಿಯೇ ಗಟ್ಟಿಯಾಗಿ ನುಡಿಯುವುದು. ಪಿಕಪ್ಪಿನ ತಿರುಪುಗಳನ್ನು ಎರಡನೆಯ ತಂತಿಯ ಕೆಳಗೆ ತಗ್ಗಿಸಿ, ಸುತ್ತಿದ ತಂತಿಗಳ ಕೆಳಗೆ ಎತ್ತರಿಸಿ ಇದನ್ನು ಸರಿದೂಗಿಸಬಹುದು.

ಇದೇ ಪಿಕಪ್ಪನ್ನು ತಂಬೂರಿಗೆ ಕಟ್ಟಿದರೆ ಏನಾದೀತು? ತಂಬೂರಿಯ ಖರ್ಜದ ತಂತಿಯು ಸಾಮಾನ್ಯವಾಗಿ ಹಿತ್ತಾಳೆಯದು ಅಥವಾ ಕಂಚಿನದು. ಜೋಡಿ ತಂತಿಗಳಾದ ಉಕ್ಕಿನವು ಮೊಳಗುವುವು; ಖರ್ಜವು ಬಹುಮಟ್ಟಿಗೆ ಮಾಯವಾಗುವುದು. ವಾದ್ಯವೂ ಕೆಟ್ಟಿಲ್ಲ, ಪಿಕಪ್ಪೂ ಕೆಟ್ಟಿಲ್ಲ, ಒಂದಕ್ಕೊಂದು ಹೊಂದಿಕೆಯಿಲ್ಲ.

ಗುಂಡಿ ತಿರುಗಿಸಿದರೆ ಸಾಲದು

ತಂತಿಯೊಂದು ಕುಗ್ಗಿದಾಗ ಆಂಪ್ಲಿಫೈಯರಿನ ಗುಂಡಿಗಳನ್ನು ತಿರುಗಿಸಿ ಸರಿಪಡಿಸಲು ಹಲವರು ಹೊರಡುವರು. ಆ ಗುಂಡಿಗಳಿಗೆ ತಂತಿಗಳ ಪರಿಚಯವಿಲ್ಲ. ಅವುಗಳಿಗೆ ತಿಳಿಯುವುದು ಆವರ್ತಾಂಕ ಮಾತ್ರ. ಮೂರನೆಯ ತಂತಿಗಾಗಿ 196ರ ಸುತ್ತಮುತ್ತ ಏರಿಸಿದರೆ ನಾಲ್ಕು, ಐದನೆಯ ತಂತಿಗಳಲ್ಲಿ ನುಡಿಸಿದ ಅದೇ ಸ್ವರವೂ ಏರುವುದು. ಒಟ್ಟು ದನಿಯನ್ನು ಏರಿಸಿದರೆ ಒದರುವ ತಂತಿಯು ಇನ್ನಷ್ಟು ಒದರುವುದು. ಇನ್ನು ಕೆಲವರು ತೋಡಿನೊಳಗೆ ಅಂಟನ್ನು ಸುರಿಯುವರು. ಅದರಿಂದ ಮುಂದೆ ಬಿಚ್ಚಿ ನೋಡುವ ದಾರಿಯೂ ಮುಚ್ಚಿಹೋಗುವುದು. ತಂತಿ, ಸ್ವರ, ಸ್ಥಳ ಈ ಮೂರರಲ್ಲಿ ದೋಷವು ಯಾವುದನ್ನು ಹಿಂಬಾಲಿಸುವುದೆಂದು ಮೊದಲು ತಿಳಿದರೆ, ಮುಟ್ಟಬೇಕಾದುದನ್ನು ಮಾತ್ರ ಮುಟ್ಟಿದರೆ ಸಾಕು.

ಲಕ್ಷ್ಮೇಶ್ವರದ ಕಾರ್ಯಕ್ರಮಕ್ಕೆ ನಾವೂ ಹೋಗಿದ್ದೆವು. ಹಿಂದಿನ ಸಾಲಿನಲ್ಲಿ ಕುಳಿತು ಬೇರೆಲ್ಲವನ್ನೂ ಬಿಟ್ಟು ಮೂರನೆಯ ತಂತಿಗೇ ಕಿವಿಗೊಟ್ಟಿದ್ದೆವೆಂದು ಒಪ್ಪಿಕೊಳ್ಳಬೇಕು. ಮೊದಲ ಹಾಡಿನ ನಡುವೆ ಅದು ನೆರೆಯ ತಂತಿಗಳ ಜೊತೆ ಬೆರೆತು, ಬೇರೆಯಾಗಿ ಗುರುತಿಸಲಾರದಂತೆ ನುಡಿಯಿತು. ಮಗನ ಪಾಲಿನ ಹಾಡು ಮುಗಿಯುವವರೆಗೆ ಅವನ ತಂದೆ ನಮ್ಮ ಪಕ್ಕದಲ್ಲಿಯೇ ನಿಂತಿದ್ದರು. ಆ ಹುಡುಗನು ಈಗ ತನ್ನ ಗೆಳೆಯರ ಗಿಟಾರುಗಳನ್ನೂ ಸರಿಪಡಿಸಿಕೊಡುತ್ತಿರುವನು. ಮೋಟಾರಿನ ಸಪೂರ ತಾಮ್ರದ ತಂತಿಯ ಸುರುಳಿಯೊಂದು ಅವನ ಚೀಲದಲ್ಲಿ ಸದಾ ಇರುವುದಂತೆ.